ಆ ನಾಲ್ಕು ಪ್ರಶ್ನೆಗಳಿಗೆ ನಾವು ಬರೆದ ಉತ್ತರ

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡ ಕುಟುಂಬಗಳು ಸೇರಿದ್ದ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಆ ನಾಲ್ಕು ಪ್ರಶ್ನೆ ಅಂದರೆ ಮಗುವನ್ನು ಇಲ್ಲಿನ ಶಾಲೆಗೆ ಸೇರಿಸುವಾಗ ಮನೆಮಾತು ಯಾವುದು ಅಂತ ಕೇಳುವ ಹಾಳೆಯಲ್ಲಿರುವವು. ಮಾತಾಡುವಾಗ ಬಾಯಿಗೆ ಬಾರದ ಒಂದೆರಡು ಇಸವಿಗಳನ್ನು ಆಮೇಲೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಮಾತಿಟ್ಟಿದ್ದಾರೆ, ಬಿಸಿಬೇಳೆಬಾತಿನ ಘಮ ಇಲ್ಲಿಯವರೆಗೂ ಬರುತ್ತಿದೆ. ನನ್ನ ಕಷ್ಟ ನಿಮಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ನಾನು ಇಲ್ಲಿನ ಸರ್ಕಾರಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಪಾಠ ಹೇಳುವವಳು. ಹುಟ್ಟಿದ್ದು ತರೀಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪಿಯುಸಿಗೆ ಶಿವಮೊಗ್ಗಕ್ಕೆ ಬಂದೆ, ಸೈನ್ಸ್ ತೆಗೆದುಕೊಂಡೆ. ಮೊದಲನೇ ದಿನ ಫಿಸಿಕ್ಸ್ ಲೆಕ್ಚರರು ಬೋರ್ಡಿನ ಮೇಲೆ ಏನೋ ಬರೆದು ನಲವತ್ತು ನಿಮಿಷ 'ಅಕ್ಸಲರೇಷನ್ ಅಕ್ಸಲರೇಷನ್' ಅಂದರು. ನನಗೆ ವೇಗೋತ್ಕರ್ಷ ಚೆನ್ನಾಗಿ ಗೊತ್ತಿತ್ತು, ಅದರ ಲೆಕ್ಕವನ್ನೂ ಮಾಡುತ್ತಿದ್ದೆ. ಅವರು ಹೇಳುತ್ತಿರುವುದು ಅದನ್ನೇ ಅಂತ ತಿಳಿಯಲು ಮೂರು ವಾರ ಬೇಕಾಯಿತು. ದ್ಯುತಿಸಂಶ್ಲೇಷಣೆಯ ಕತೆಯೂ ಅದೇ, ಜಡತ್ವದ ಕತೆಯೂ ಅದೇ. ಪಕ್ಕದಲ್ಲಿ ಕೂತ ಕಾನ್ವೆಂಟ್ ಹುಡುಗಿಗೂ ನನಗೂ ಇದ್ದದ್ದು ಒಂದೇ ಬೆಂಚು, ಒಂದೇ ಪುಸ್ತಕ, ಒಬ್ಬರೇ ಲೆಕ್ಚರರು. ಆದರೆ ನಾವಿಬ್ಬರೂ ಒಂದೇ ಕ್ಲಾಸಿನಲ್ಲಿ ಇರಲಿಲ್ಲ. ಈ ಸಭೆಯಲ್ಲಿ ಇಂಥ ಅನುಭವ ಆದವರು ಕೈ ಎತ್ತಿ ಅಂದರೆ ಅರ್ಧ ಕೈಗಳಾದರೂ ಮೇಲೇಳುತ್ತವೆ. ನೋಡಿ, ಎದ್ದವು.

ನನಗೆ ಆಗ ಹೇಳಲು ಬಾರದೆ ಹೋದ ಆ ಮಾತನ್ನು ಇಲ್ಲಿಂದ ಒಂದು ಗಂಟೆ ದೂರದ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ತಾಯಿತಂದೆಯರು ಕೋರ್ಟಿನಲ್ಲಿ ಹೇಳಿ ಗೆದ್ದಿದ್ದಾರೆ. ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳಿಗೆ ಯಾವ ಹೆಚ್ಚುವರಿ ಪಾಠವೂ ಇರಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಲಾವ್ ವರ್ಸಸ್ ನಿಕಲ್ಸ್ ಅಂತ ಅದರ ಹೆಸರು, 1974ರ ಜನವರಿಯಲ್ಲಿ ತೀರ್ಪು ಬಂತು. ಅದೇ ಕಟ್ಟಡ, ಅದೇ ಪುಸ್ತಕ, ಅದೇ ಮೇಷ್ಟ್ರು, ಅದೇ ಪಠ್ಯ ಕೊಟ್ಟ ಮಾತ್ರಕ್ಕೆ ಸಮಾನವಾಗಿ ನಡೆಸಿಕೊಂಡಂತೆ ಆಗುವುದಿಲ್ಲ, ಭಾಷೆಯೇ ತಿಳಿಯದ ಮಗುವಿಗೆ ಆ ಪಾಠದ ಬಾಗಿಲು ಮುಚ್ಚಿಯೇ ಇರುತ್ತದೆ ಎಂದು ನ್ಯಾಯಮೂರ್ತಿ ಡಗ್ಲಸ್ ಬರೆದರು. ಕೋರ್ಟು ಇದನ್ನು ಒಮ್ಮತದಿಂದ ಹೇಳಿತು. ಮೊದಲ ಸಲ ಓದಿದಾಗ ನನಗೆ ಶಿವಮೊಗ್ಗದ ಆ ಬೆಂಚು ನೆನಪಾಯಿತು, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ಅದೇ ವರ್ಷ ಅಮೆರಿಕದ ಸಂಸತ್ತು ಸಮಾನ ಶಿಕ್ಷಣ ಅವಕಾಶದ ಕಾನೂನು ಮಾಡಿ, ಭಾಷೆಯ ಅಡ್ಡಿ ನಿವಾರಿಸುವುದು ಶಾಲೆಯ ಹೊಣೆ ಅಂತ ಬರೆಯಿತು. 1981ರಲ್ಲಿ ಟೆಕ್ಸಾಸಿನ ರೇಮಂಡ್‌ವಿಲ್ ಎಂಬ ಊರಿನ ಮೊಕದ್ದಮೆಯಲ್ಲಿ ಮೇಲ್ಮನವಿ ಕೋರ್ಟು ಒಂದು ಅಳತೆಗೋಲನ್ನೂ ಕೊಟ್ಟಿತು. ಕಾಸ್ಟನೇಡ ತೀರ್ಪು ಅನ್ನುತ್ತಾರೆ. ಶಾಲೆ ಹಿಡಿದ ದಾರಿ ತಿಳಿದವರು ಒಪ್ಪುವಂಥದ್ದೇ? ಆ ದಾರಿಯಲ್ಲಿ ನಡೆಯಲು ಬೇಕಾದ ಜನ, ಪುಸ್ತಕ, ಹಣ ಹಾಕಿದ್ದಾರೆಯೇ? ಕೊನೆಗೆ ಮಕ್ಕಳು ಕಲಿತರೇ? ಮೂರೂ ಒಳ್ಳೆಯ ಪ್ರಶ್ನೆಗಳೇ. ನನಗೆ ಗಂಟು ಬಿದ್ದಿರುವುದು ಮಾತ್ರ ಎರಡನೆಯದು. ಯೋಜನೆ ಬರೆಯಲು ಕಾಗದ ಸಾಕು, ನಡೆಸಲು ದುಡ್ಡು ಬೇಕು.

ಈ ದುಡ್ಡು ಎಲ್ಲಿಂದ ಬರುತ್ತದೆ? ವಾಷಿಂಗ್ಟನ್‌ನಿಂದ ಇಂಗ್ಲಿಷ್ ಕಲಿಯುವ ಮಕ್ಕಳಿಗೆಂದು ಬರುವುದಕ್ಕೆ ಟೈಟಲ್ ತ್ರೀ ಅನ್ನುತ್ತಾರೆ. ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು 89 ಕೋಟಿ ಡಾಲರ್. ಕೇಳಲು ದೊಡ್ಡದು. ದೇಶದಲ್ಲಿ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು 50 ಲಕ್ಷ ದಾಟಿದ್ದಾರೆ, ಭಾಗಿಸಿ ನೋಡಿ, ತಲೆಗೆ 180 ಡಾಲರೂ ಬೀಳುವುದಿಲ್ಲ. ನಮ್ಮ ಮಕ್ಕಳ ಒಂದು ತಿಂಗಳ ಗಣಿತದ ಟ್ಯೂಷನ್ ಫೀಸು! ಆದರೂ ಆ ಪುಡಿಗಾಸಿನಿಂದಲೇ ಬೇಸಿಗೆ ತರಗತಿ ನಡೆಯುತ್ತದೆ, ಶಿಕ್ಷಕರಿಗೆ ತರಬೇತಿ ಸಿಗುತ್ತದೆ, ಹೊಸದಾಗಿ ಬಂದ ಮಗುವಿನ ಪಕ್ಕ ಕೂತು ಪಾಠ ಬಿಡಿಸಿ ಹೇಳುವ ಸಹಾಯಕಿಗೆ ಸಂಬಳ ಹೋಗುತ್ತದೆ. ಶಾಲೆ ಹೇಗಿದ್ದರೂ ಕೊಡಲೇಬೇಕಾದದ್ದನ್ನು ಈ ಹಣದಲ್ಲಿ ತೂಗಿಸುವಂತಿಲ್ಲ, ಅದರ ಮೇಲೆ ಸೇರಿಸಿ ಕೊಡಬೇಕು ಅನ್ನುವುದು ನಿಯಮ.

2025ರಲ್ಲಿ ಏನೇನಾಯಿತು ಅನ್ನುವುದು ನಿಮಗೆ ಸುದ್ದಿಯಲ್ಲಿ ಚೂರುಚೂರಾಗಿ ಬಂದಿರುತ್ತದೆ. ಮಾರ್ಚ್ 1ಕ್ಕೆ ಇಂಗ್ಲಿಷೇ ಅಧಿಕೃತ ಭಾಷೆ ಎಂಬ ಆದೇಶಕ್ಕೆ ಅಧ್ಯಕ್ಷರ ಸಹಿ ಬಿತ್ತು. ಅದೇ ತಿಂಗಳು ಕೇಂದ್ರ ಶಿಕ್ಷಣ ಇಲಾಖೆಯ ಹೆಚ್ಚುಕಡಿಮೆ ಅರ್ಧ ಸಿಬ್ಬಂದಿಗೆ ಕತ್ತರಿ ಹಾಕುವ ಘೋಷಣೆ ಬಂತು, ಇಂಗ್ಲಿಷ್ ಕಲಿಯುವ ಮಕ್ಕಳ ವಿಷಯ ನೋಡಿಕೊಳ್ಳುತ್ತಿದ್ದ ಕಚೇರಿ ಬಹುತೇಕ ಖಾಲಿಯಾಯಿತು. ಮುಂದಿನ ವರ್ಷದ ಬಜೆಟ್ ಪ್ರಸ್ತಾವದಲ್ಲಿ ಟೈಟಲ್ ತ್ರೀ ಎದುರು ಸೊನ್ನೆ ಬರೆದಿದ್ದರು. ಪ್ರಸ್ತಾವ ಅಷ್ಟೇ, ಹಣ ಮಂಜೂರು ಮಾಡುವುದು ಸಂಸತ್ತು. ಆದರೆ ಸಂಸತ್ತು ಆಗಲೇ ಮಂಜೂರು ಮಾಡಿದ್ದ ಹಣವೂ ಜುಲೈ 1ಕ್ಕೆ ಬರಬೇಕಾದದ್ದು ಬರಲಿಲ್ಲ. ಹಿಂದಿನ ದಿನ, ಜೂನ್ 30ಕ್ಕೆ, ಪರಿಶೀಲಿಸುತ್ತಿದ್ದೇವೆ ಅಂತ ರಾಜ್ಯಗಳಿಗೆ ಇಮೇಲ್ ಹೋಯಿತು. ಬೇರೆ ಬೇರೆ ಬಾಬತ್ತು ಸೇರಿ 600 ಕೋಟಿ ಡಾಲರಿಗೂ ಮೇಲೆ, ಅದರಲ್ಲಿ ಟೈಟಲ್ ತ್ರೀ ಕೂಡ. ರಾಜ್ಯಗಳು ಕೋರ್ಟಿಗೆ ಹೋದವು, ಎರಡೂ ಪಕ್ಷದ ಸಂಸದರು ಪತ್ರ ಬರೆದರು, ತಿಂಗಳ ಕೊನೆಗೆ ಬಿಡುಗಡೆ ಆಯಿತು.

ಕೊನೆಗೆ ಬಂತಲ್ಲ ಅಂತ ನೀವು ಕೇಳಬಹುದು. ಬಂತು. ಆದರೆ ನಮ್ಮಲ್ಲಿ ಶಾಲೆ ಶುರುವಾಗುವುದು ಆಗಸ್ಟಿನಲ್ಲಿ. ಸಹಾಯಕಿಯರಿಗೆ ಕೆಲಸದ ಪತ್ರ ಹೋಗುವುದು ಜುಲೈಯಲ್ಲಿ. ದುಡ್ಡು ಬರುತ್ತದೋ ಇಲ್ಲವೋ ತಿಳಿಯದೆ ಪತ್ರ ಕಳಿಸುವ ಧೈರ್ಯ ಯಾವ ಡಿಸ್ಟ್ರಿಕ್ಟಿಗೂ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಕ್ಕೂ, ಇರುವುದಿಲ್ಲ. ನನ್ನ ಜೊತೆ ಆರು ವರ್ಷ ಕೆಲಸ ಮಾಡಿದ ಒಬ್ಬಾಕೆ, ಸ್ಪ್ಯಾನಿಷ್ ತಿಳಿದವಳು, ಆ ನಾಲ್ಕು ವಾರ ಕಾಯಲು ಆಗದೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡಳು. ಹಣ ವಾಪಸ್ಸು ಬಂತು, ಅವಳು ಬರಲಿಲ್ಲ.

ಆಮೇಲೆ ಆಗಸ್ಟಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ಆಯಿತು. ಇಂಗ್ಲಿಷ್ ಕಲಿಯುವ ಮಕ್ಕಳ ಬಗ್ಗೆ ಶಾಲೆಗಳ ಹೊಣೆ ಏನು ಅಂತ 2015ರಲ್ಲಿ ಎರಡು ಇಲಾಖೆಗಳು ಸೇರಿ ಬರೆದ ಮಾರ್ಗದರ್ಶಿ ಪತ್ರ ಒಂದಿತ್ತು, ಅದನ್ನು ಹಿಂತೆಗೆದುಕೊಂಡರು. ನಾವು ಶಿಕ್ಷಕರು ಅದನ್ನು ಕೈಪಿಡಿಯ ಹಾಗೆ ಬಳಸುತ್ತಿದ್ದೆವು. ಪ್ರಿನ್ಸಿಪಾಲರು ಏನಾದರೂ ಇಲ್ಲ ಅಂದರೆ ಇಂಥ ಪುಟ ನೋಡಿ ಅನ್ನುತ್ತಿದ್ದೆವು. ಪತ್ರ ಹೋದರೆ ಕಾನೂನು ಹೋಗುವುದಿಲ್ಲ. ಲಾವ್ ತೀರ್ಪು ಇದೆ, 1974ರ ಕಾನೂನು ಇದೆ, ವೀಸಾ ಕಾಗದ ಇಲ್ಲದ ಮಗುವಿಗೂ ಶಾಲೆಯ ಬಾಗಿಲು ತೆರೆದಿರಬೇಕು ಎಂದ 1982ರ ಪ್ಲೈಲರ್ ತೀರ್ಪೂ ಇದೆ. ಊರಲ್ಲಿ ಕಾನೂನು ಇದ್ದು ಪೊಲೀಸ್ ಚೌಕಿ ಎತ್ತಿಬಿಟ್ಟರೆ ಹೇಗೋ ಹಾಗೆ ಆಗಿದೆ, ಅಷ್ಟೆ. ಇನ್ನು ಮುಂದೆ ಕೇಳುವವರು ಊರಿನವರೇ ಆಗಬೇಕು.

ಊರಿನವರು ಅಂದರೆ ಯಾರು? ಅದನ್ನು ಹೇಳಲಿಕ್ಕೇ ನಾನು ಇವತ್ತು ಬಂದದ್ದು.

ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ಹಣದ ದೊಡ್ಡ ಪಾಲು ರಾಜ್ಯದ ಸೂತ್ರದಿಂದ ಬರುತ್ತದೆ. 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ತಂದ ಸೂತ್ರ. ಪ್ರತಿ ಮಗುವಿಗೆ ಒಂದು ಮೂಲ ಮೊತ್ತ, ಚಿಕ್ಕ ತರಗತಿಗಳಿಗೆ ಈಗ ಸುಮಾರು 10,000 ಡಾಲರ್ ಅಂತ ಇಟ್ಟುಕೊಳ್ಳಿ. ಬಡ ಮನೆಯ ಮಗುವಾದರೆ, ಇಂಗ್ಲಿಷ್ ಕಲಿಯುತ್ತಿರುವ ಮಗುವಾದರೆ ಅಥವಾ ಹೆತ್ತವರನ್ನು ಬಿಟ್ಟು ಫಾಸ್ಟರ್ ಕೇರ್‌ನಲ್ಲಿ, ಅಂದರೆ ಸರ್ಕಾರ ಗೊತ್ತುಮಾಡಿದ ಬೇರೆಯವರ ಆರೈಕೆಯಲ್ಲಿ, ಬೆಳೆಯುವ ಮಗುವಾದರೆ ಮೂಲ ಮೊತ್ತದ ಮೇಲೆ ಇನ್ನೂ 20 ಪರ್ಸೆಂಟ್. ಎರಡು ಕಷ್ಟ ಇದ್ದರೂ ಒಂದೇ ಸಲ ಎಣಿಕೆ. ಇಂಥ ಮಕ್ಕಳು ಡಿಸ್ಟ್ರಿಕ್ಟಿನಲ್ಲಿ ನೂರಕ್ಕೆ 55ಕ್ಕಿಂತ ಹೆಚ್ಚಿದ್ದರೆ, ಆ ಗೆರೆಯ ಮೇಲಿನವರಿಗೆ ಇನ್ನೂ 65 ಪರ್ಸೆಂಟ್ ಸೇರುತ್ತದೆ. ಯಾರು ಯಾವ ಗುಂಪಿನಲ್ಲಿದ್ದಾರೆ ಅಂತ ಎಣಿಸುವುದು ಅಕ್ಟೋಬರಿನ ಮೊದಲ ಬುಧವಾರ. ಹಣ ಲೆಕ್ಕ ಹಾಕುವುದು ಹಾಜರಾತಿಯ ಮೇಲೆ. ಹೆಸರು ಬರೆಸಿದರೆ ಸಾಲದು, ಮಗು ಬಂದು ಕೂರಬೇಕು. ಊರಲ್ಲಿ ವಲಸೆ ಅಧಿಕಾರಿಗಳ ವ್ಯಾನು ಬಂದಿದೆ ಅಂತ ಗಾಳಿಸುದ್ದಿ ಹಬ್ಬಿದ ದಿನ ನನ್ನ ಕ್ಲಾಸಿನಲ್ಲಿ ಎಷ್ಟು ಕುರ್ಚಿ ಖಾಲಿ ಇರುತ್ತವೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಖಾಲಿ ಕುರ್ಚಿಯೂ ಶಾಲೆಯ ಹಣದಿಂದ ಕಳೆಯುತ್ತದೆ.

ಈಗ ನಮ್ಮ ವಿಷಯಕ್ಕೆ ಬರೋಣ. ಮಗುವನ್ನು ಶಾಲೆಗೆ ಸೇರಿಸುವಾಗ ಒಂದು ಹಾಳೆ ಕೊಡುತ್ತಾರೆ, ಹೋಮ್ ಲ್ಯಾಂಗ್ವೇಜ್ ಸರ್ವೆ. ನಾಲ್ಕು ಪ್ರಶ್ನೆ. ಮಗು ಮಾತು ಕಲಿತದ್ದು ಯಾವ ಭಾಷೆಯಲ್ಲಿ? ಮನೆಯಲ್ಲಿ ಹೆಚ್ಚಾಗಿ ಯಾವುದರಲ್ಲಿ ಮಾತಾಡುತ್ತದೆ? ನೀವು ಮಗುವಿನ ಜೊತೆ ಯಾವ ಭಾಷೆ ಆಡುತ್ತೀರಿ? ಮನೆಯ ದೊಡ್ಡವರು, ಅಜ್ಜ ಅಜ್ಜಿ ಸೇರಿ, ಹೆಚ್ಚಾಗಿ ಆಡುವುದು ಯಾವುದು?

ನಾವು ಏನು ಬರೆಯುತ್ತೇವೆ? ಇಂಗ್ಲಿಷ್, ಇಂಗ್ಲಿಷ್, ಇಂಗ್ಲಿಷ್, ಇಂಗ್ಲಿಷ್. ನಗಬೇಡಿ, ನಾನೂ ಬರೆದಿದ್ದೇನೆ. ನನ್ನ ಮಗಳನ್ನು ಸೇರಿಸುವ ಹಿಂದಿನ ದಿನ ಸ್ನೇಹಿತೆಯೊಬ್ಬಳು ಫೋನ್ ಮಾಡಿ, 'ಕನ್ನಡ ಅಂತ ಬರೀಬೇಡ ಕಣೇ, ಟೆಸ್ಟ್ ಕೊಡ್ತಾರೆ, ಬೇರೆ ಕ್ಲಾಸಿಗೆ ಹಾಕ್ತಾರೆ, ಆಮೇಲೆ ಗಿಫ್ಟೆಡ್ ಪ್ರೋಗ್ರಾಮೂ ಸಿಗಲ್ಲ' ಅಂದಳು. ಬೆಳಿಗ್ಗೆ ಮಗಳಿಗೆ 'ಬೇಗ ಬೂಟು ಹಾಕ್ಕೋ ಪುಟ್ಟೀ' ಅಂತ ಕನ್ನಡದಲ್ಲೇ ಕೂಗಿ, ಕಾರಿನಲ್ಲಿ ಕೂತು ನಾಲ್ಕು ಕಡೆ ಇಂಗ್ಲಿಷ್ ಅಂತ ಬರೆದೆ. ಮೂರು ವರ್ಷ ಕಳೆದು ಮಗನನ್ನು ಸೇರಿಸುವ ಹೊತ್ತಿಗೆ ನಾನೇ ಈ ಕೆಲಸಕ್ಕೆ ಸೇರಿದ್ದೆ, ನಾಚಿಕೆಯಾಗಿ ನಿಜ ಬರೆದೆ. ಮೂವತ್ತು ದಿನದೊಳಗೆ, ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡುವ ಎಲ್‌ಪ್ಯಾಕ್ ಪರೀಕ್ಷೆ ಮಾಡಿದರು. ಐದು ವರ್ಷದ ಹುಡುಗ, ಗೊತ್ತಿಲ್ಲದ ಟೀಚರ್ ಎದುರು ಬಾಯಿ ಬಿಡಲೇ ಇಲ್ಲ. ಇಂಗ್ಲಿಷ್ ಲರ್ನರ್ ಅಂತ ಬರೆದುಕೊಂಡರು. ಎರಡನೇ ಕ್ಲಾಸಿನಲ್ಲಿ ಆ ಪಟ್ಟಿಯಿಂದ ಹೊರಬಂದ. ಅಷ್ಟರಲ್ಲಿ ಏನೂ ಮುಳುಗಿ ಹೋಗಲಿಲ್ಲ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಭಾಷೆಯ ಪಾಠವೇ ಬೇರೆಯಾಗಿ ಸಿಕ್ಕಿತು. ಅವನಿಗೆ ವ್ಯಾಕರಣ ಅಕ್ಕನಿಗಿಂತ ಚೆನ್ನಾಗಿದೆ, ಇದನ್ನು ಅವಳೆದುರು ಹೇಳಬೇಡಿ.

ನಮ್ಮ ಮಕ್ಕಳಲ್ಲಿ ಅನೇಕರು ಆ ಪರೀಕ್ಷೆಯನ್ನು ಮೊದಲ ದಿನವೇ ಪಾಸು ಮಾಡುತ್ತಾರೆ, ಅವರಿಗೆ ಆ ಹಣೆಪಟ್ಟಿ ಬರುವುದೇ ಇಲ್ಲ. ಹಾಗಂತ ನಿಮ್ಮ ಭಯ ಪೂರ್ತಿ ಹುಸಿ ಅಂತ ನಾನು ಹೇಳಲಾರೆ. ಹಣೆಪಟ್ಟಿ ಅಂಟಿಕೊಳ್ಳುವುದು ನಿಜ. ಆರು ವರ್ಷವಾದರೂ ಹೊರಬಾರದ ಮಕ್ಕಳಿಗೆ ಈ ರಾಜ್ಯದಲ್ಲಿ ಒಂದು ಹೆಸರೇ ಇದೆ, ಲಾಂಗ್ ಟರ್ಮ್ ಇಂಗ್ಲಿಷ್ ಲರ್ನರ್. ಮಾತು ಸರಾಗ, ಬರವಣಿಗೆ ಹಿಂದೆ, ಬೇರೆ ಐಚ್ಛಿಕ ವಿಷಯಗಳಿಗೆ ವೇಳಾಪಟ್ಟಿಯಲ್ಲಿ ಜಾಗವೇ ಉಳಿಯುವುದಿಲ್ಲ. ಹೊರಬರಲು ಎಲ್‌ಪ್ಯಾಕ್‌ನಲ್ಲಿ ನಾಲ್ಕನೇ ಹಂತ ಬೇಕು, ಶಿಕ್ಷಕರ ಅಭಿಪ್ರಾಯ ಬೇಕು, ಓದುಬರಹದಲ್ಲಿ ಇತರ ಮಕ್ಕಳ ಮಟ್ಟ ಬೇಕು, ತಾಯಿತಂದೆಯ ಜೊತೆ ಮಾತಾಡಬೇಕು. ಈ ಕೊನೆಯದನ್ನು ಎಷ್ಟೋ ಶಾಲೆಗಳು ಒಂದು ಸಹಿಯಲ್ಲಿ ಮುಗಿಸುತ್ತವೆ. ಇಂಗ್ಲಿಷ್ ಬಲ್ಲ ತಾಯಿತಂದೆ ಒಬ್ಬರು ಎದುರು ಕೂತು, ನನ್ನ ಮಗುವಿಗೆ ಯಾವ ಭಾಗದಲ್ಲಿ ಅಂಕ ಕಡಿಮೆ, ಅದಕ್ಕೆ ಏನು ಮಾಡುತ್ತಿದ್ದೀರಿ ಅಂತ ಕೇಳಿದರೆ ಸಭೆಯ ಧಾಟಿಯೇ ಬದಲಾಗುತ್ತದೆ. ಕೇಳಬೇಕಾದ ನಾವು ಅಲ್ಲಿ ಇರುವುದಿಲ್ಲ. ಯಾಕೆಂದರೆ ನಾವು ಹಾಳೆಯಲ್ಲಿ ಇಂಗ್ಲಿಷ್ ಅಂತ ಬರೆದು ಆ ಕೋಣೆಯಿಂದ ಮೊದಲೇ ಎದ್ದು ಬಂದಿದ್ದೇವೆ.

ಆ ಕೋಣೆಯ ಹೆಸರು ಡೀಲ್ಯಾಕ್. ಇಂಗ್ಲಿಷ್ ಕಲಿಯುವ ಮಕ್ಕಳು 51 ಆದರೆ ಡಿಸ್ಟ್ರಿಕ್ಟಿನಲ್ಲಿ ಅವರ ತಾಯಿತಂದೆಯರ ಸಮಿತಿ ಇರಲೇಬೇಕು, ಒಂದು ಶಾಲೆಯಲ್ಲಿ 21 ಆದರೆ ಶಾಲೆಯಲ್ಲೂ ಇರಬೇಕು. ನಾನು ಮೊದಲ ಸಲ ಹೋದಾಗ ಹನ್ನೊಂದು ಜನ ಇದ್ದರು, ಹೆಚ್ಚಿನವರು ಮೆಕ್ಸಿಕೋ, ಗ್ವಾಟೆಮಾಲಾ ಮೂಲದ ತಾಯಂದಿರು. ಕೆಲವರು ರಾತ್ರಿ ಪಾಳಿ ಕಚೇರಿ ಗುಡಿಸಿ ಒರೆಸುವವರು, ಸಭೆ ಮುಗಿಸಿ ನೇರ ಕೆಲಸಕ್ಕೆ ಹೋಗುವವರು. ಅವರಿಗೆ ದುಭಾಷಿ ಇದ್ದರು. ಶಾಲೆಯ ಮಕ್ಕಳಲ್ಲಿ ನೂರಕ್ಕೆ 15 ಜನ ಒಂದೇ ಭಾಷೆಯವರಾದರೆ ಮನೆಗೆ ಹೋಗುವ ಪತ್ರಗಳನ್ನು ಆ ಭಾಷೆಗೆ ಅನುವಾದಿಸಬೇಕು ಅಂತ ರಾಜ್ಯದ ಕಾನೂನು. ಕನ್ನಡ ಆ ಗೆರೆ ಎಲ್ಲಿಯೂ ಮುಟ್ಟುವುದಿಲ್ಲ, ನಮಗೆ ಅದರ ಅಗತ್ಯವೂ ಅಷ್ಟಿಲ್ಲ. ನಮ್ಮ ಹತ್ತಿರ ಇರುವುದು ಬೇರೆ: ಇಂಗ್ಲಿಷ್ ಇದೆ, ಲ್ಯಾಪ್‌ಟಾಪ್ ಇದೆ, ಎಕ್ಸೆಲ್ ಹಾಳೆ ನೋಡಿದರೆ ಕೈ ತುರಿಸುತ್ತದೆ.

ಎಕ್ಸೆಲ್ ಯಾಕೆ ಬಂತು ಅಂದರೆ, ಎಲ್‌ಕ್ಯಾಪ್ ಅಂತ ಒಂದು ದಾಖಲೆ ಇದೆ. ಪ್ರತಿ ಡಿಸ್ಟ್ರಿಕ್ಟು ಸೂತ್ರದ ಹಣವನ್ನು ಹೇಗೆ ಖರ್ಚು ಮಾಡುತ್ತದೆ ಅಂತ ಬರೆದು ಜುಲೈ 1ರೊಳಗೆ ಶಾಲಾ ಮಂಡಳಿ ಒಪ್ಪಬೇಕು. ಒಪ್ಪುವ ಮುಂಚೆ ಬೇರೆ ದಿನ ಸಾರ್ವಜನಿಕ ವಿಚಾರಣೆ ಇಡಬೇಕು. ಡೀಲ್ಯಾಕ್ ಏನಾದರೂ ಕೇಳಿದರೆ ಡಿಸ್ಟ್ರಿಕ್ಟಿನ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟರು ಬರಹದಲ್ಲಿ ಉತ್ತರ ಕೊಡಬೇಕು. ನೂರಾರು ಪುಟ ಇರುತ್ತದೆ, ಯಾರೂ ಓದಬಾರದು ಅಂತಲೇ ಬರೆದ ಹಾಗೆ. ನೀವು ಎಲ್ಲ ಓದಬೇಡಿ. ಕಳೆದ ವರ್ಷ ಇಷ್ಟು ಇಟ್ಟಿದ್ದೆವು, ಇಷ್ಟು ಖರ್ಚಾಯಿತು ಅನ್ನುವ ಎರಡು ಕಾಲಂ ಇರುವ ಕೋಷ್ಟಕ ಹುಡುಕಿ, ಅಷ್ಟು ಸಾಕು.

ಒಂದು ವರ್ಷ ಒಂದು ಡಿಸ್ಟ್ರಿಕ್ಟಿನ ಆ ಕೋಷ್ಟಕದಲ್ಲಿ ಹೊಸದಾಗಿ ದೇಶಕ್ಕೆ ಬಂದ ಮಕ್ಕಳಿಗೆ ಇಬ್ಬರು ಶಿಕ್ಷಕರು ಅಂತ ಹಣ ಇತ್ತು, ಖರ್ಚಿನ ಕಾಲಂನಲ್ಲಿ ಅರ್ಧಕ್ಕಿಂತ ಕಡಿಮೆ. ನಾನು ಎದ್ದು ಕೇಳಿದೆ. ಅರ್ಜಿ ಬರಲಿಲ್ಲ ಮೇಡಂ ಅಂದರು. ಹಾಗಾದರೆ ಆ ಹಣ ಎಲ್ಲಿ? ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಪ್ರಶ್ನೆ ನಾನು ಕಂಡುಹಿಡಿದದ್ದೇನೂ ಅಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾದ ಸ್ಟೇಟ್ ಆಡಿಟರ್ ವರದಿಯೇ ಹೇಳಿತ್ತು: ಈ ಮಕ್ಕಳ ಹೆಸರಿನಲ್ಲಿ ಬಂದ ಹಣ ಆ ವರ್ಷ ಖರ್ಚಾಗದೆ ಉಳಿದರೆ ಮರುವರ್ಷ ಸಾಮಾನ್ಯ ಖಾತೆಯಲ್ಲಿ ಕರಗಿಹೋಗುತ್ತದೆ, ಹಿಡಿದು ಕೇಳುವವರಿಲ್ಲ ಅಂತ. 2021ರಲ್ಲಿ ಕಾನೂನು ತಿದ್ದಿದರು, ಈಗ ಉಳಿಕೆಯನ್ನು ಮುಂದಿನ ವರ್ಷಕ್ಕೆ ಅದೇ ಮಕ್ಕಳ ಲೆಕ್ಕದಲ್ಲಿ ಎಳೆದುಕೊಂಡು ಹೋಗಬೇಕು. ಎಳೆದುಕೊಂಡು ಹೋದರೋ ಇಲ್ಲವೋ ಅಂತ ನೋಡುವವರು ಮಾತ್ರ ಬೇಕು. ಅವತ್ತು ರಾತ್ರಿ ಪಾರ್ಕಿಂಗ್ ಜಾಗದಲ್ಲಿ ಆ ರಾತ್ರಿ ಪಾಳಿಯ ತಾಯಿಯೊಬ್ಬರು ನನ್ನ ಕೈ ಹಿಡಿದು, ದುಭಾಷಿಯ ಮೂಲಕ, ನಾವು ಎರಡು ವರ್ಷದಿಂದ ಇದನ್ನೇ ಕೇಳುತ್ತಿದ್ದೇವೆ, ಇವತ್ತು ಬರೆದುಕೊಂಡರು ಅಂದರು. ಅವರ ದನಿಗಿಂತ ನನ್ನ ದನಿ ದೊಡ್ಡದೇನಲ್ಲ. ಇಂಗ್ಲಿಷಿನಲ್ಲಿ ಇತ್ತು, ಅಷ್ಟೇ. ಅದು ನನಗೆ ಹೆಮ್ಮೆಯ ವಿಷಯವಾಗಿ ಕಾಣಲಿಲ್ಲ.

ಒಂದು ತಕರಾರನ್ನು ನಾನೇ ಎತ್ತಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮಲ್ಲಿ ಯಾರಾದರೂ ಊಟದ ಹೊತ್ತಿನಲ್ಲಿ ಹಿಡಿಯುತ್ತೀರಿ. ಪಾಲೊ ಆಲ್ಟೊದಂಥ ಊರುಗಳಲ್ಲಿ ಮನೆಗಳ ಮೇಲಿನ ಆಸ್ತಿ ತೆರಿಗೆಯೇ ಸೂತ್ರದ ಮೊತ್ತವನ್ನು ಮೀರುತ್ತದೆ. ಅವಕ್ಕೆ ಬೇಸಿಕ್ ಏಯ್ಡ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಅಲ್ಲಿ ನಿಮ್ಮ ಮಗುವನ್ನು ಎಣಿಸಿದರೂ ರಾಜ್ಯದ ಸೂತ್ರದಿಂದ ಒಂದು ಡಾಲರ್ ಹೆಚ್ಚು ಬರುವುದಿಲ್ಲ. ಹೌದು. ಟೈಟಲ್ ತ್ರೀ ಲೆಕ್ಕಕ್ಕೆ ಆಗಲೂ ಆ ಎಣಿಕೆಯೇ ಬೇಕು, ಕಾನೂನಿನ ಹೊಣೆಯೂ ಹಾಗೆಯೇ ಉಳಿಯುತ್ತದೆ. ಆದರೆ ಹಣದ ಆಸೆಗೆ ಕನ್ನಡ ಅಂತ ಬರೆಯಿರಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಮನೆಯಲ್ಲಿ ನಿಜವಾಗಿ ಇಂಗ್ಲಿಷೇ ಆಡುವವರು ಇಂಗ್ಲಿಷ್ ಅಂತಲೇ ಬರೆಯಿರಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಅನ್ನುವುದಷ್ಟೇ ನನ್ನ ಮಾತು.

ಹಣವೊಂದೇ ಅಳತೆ ಅಂತಲೂ ಅಂದುಕೊಳ್ಳಬೇಡಿ. ಅರಿಜೋನಾದ ಗಡಿ ಊರು ನೊಗಾಲಿಸ್‌ನ ತಾಯಿತಂದೆಯರು 1992ರಲ್ಲಿ ಹೂಡಿದ ಮೊಕದ್ದಮೆ ಹದಿನೇಳು ವರ್ಷ ನಡೆದು 2009ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ರಾಜ್ಯ ಎಷ್ಟು ಸುರಿಯಿತು ಅನ್ನುವುದಕ್ಕೇ ಅಂಟಿಕೊಳ್ಳಬಾರದು, ಮಕ್ಕಳಿಗೆ ಏನಾಯಿತು ನೋಡಬೇಕು ಅಂತ ಕೋರ್ಟು ಐದು-ನಾಲ್ಕರಲ್ಲಿ ಹೇಳಿತು. ಹಣ ಕೊಡದವರಿಗೆ ಆ ತೀರ್ಪು ಒಳ್ಳೆಯ ನೆಪವಾಯಿತು ಅಂತ ನನ್ನ ಅಭಿಪ್ರಾಯ. ಆದರೂ ಅದರೊಳಗಿನ ಪ್ರಶ್ನೆ ನಮಗೂ ಕೆಲಸಕ್ಕೆ ಬರುತ್ತದೆ: ಸರಿ, ಮಕ್ಕಳಿಗೆ ಏನಾಯಿತು, ತೋರಿಸಿ.

ಮಾತು ಇಷ್ಟಕ್ಕೆ ಮುಗಿದಿತ್ತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು, ಆರು ತಿಂಗಳಿಗೆ ಅಂತ ಊರಿನಿಂದ ಬಂದವರು, ಶಾಲು ಸರಿಮಾಡಿಕೊಂಡು ಎದ್ದು ನಿಂತರು. "ಅಲ್ಲಮ್ಮ, ಮನೇಲಿ ಮೊಮ್ಮಗಳ ಹತ್ರ ಕನ್ನಡ ಆಡೋಳು ನಾನೊಬ್ಬಳೇ. ನನ್ನಿಂದ ಆ ಕೂಸಿಗೆ ಪರೀಕ್ಷೆ ಬಂತಾ? ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತಾ?"

ಸಭೆ ನಕ್ಕಿತು, ಅವರು ನಗಲಿಲ್ಲ. ನಾನು ಹತ್ತಿರ ಹೋಗಿ ಹೇಳಿದೆ: ನೀವು ಇರುವುದು ನಾಲ್ಕನೇ ಪ್ರಶ್ನೆಯಲ್ಲಿ ಅಜ್ಜಿ. ಮೊದಲ ಮೂರಕ್ಕೂ ಇಂಗ್ಲಿಷ್ ಅಂತಿದ್ದು ನಾಲ್ಕನೆಯದಕ್ಕೆ ಮಾತ್ರ ಕನ್ನಡ ಅಂತಿದ್ದರೆ ಪರೀಕ್ಷೆ ತಾನಾಗಿ ಬರುವುದಿಲ್ಲ, ಶಾಲೆಯವರಿಗೆ ಅನುಮಾನ ಇದ್ದರಷ್ಟೇ ಮಾಡುತ್ತಾರೆ. ಮೊದಲ ಪ್ರಶ್ನೆ, ಮಗು ಮಾತು ಕಲಿತದ್ದು ಯಾವ ಭಾಷೆಯಲ್ಲಿ ಅಂತ. ಅದಕ್ಕೆ ಅವರಮ್ಮ ಏನು ಬರೆದಿದ್ದಾರೋ ಕೇಳಿ.

ಅಜ್ಜಿ ಪಕ್ಕದಲ್ಲಿದ್ದ ಸೊಸೆಯ ಕಡೆ ತಿರುಗಿದರು. ಸೊಸೆ ಫೋನು ನೋಡುತ್ತಿದ್ದಳು.